ಪರಂಗಿ ಅಳಿಯನ ಬಾರು

ನಮ್ಮಲ್ಲಿ ಅಳಿಯನನ್ನು ಹತ್ತನೆಯ ಗ್ರಹ ಎಂದು ಕರೆದು ಮಾವಂದಿರು ಸಮಾಧಾನ ಮಾಡಿಕೊಳ್ಳುತ್ತಾರೆ. ಥಾಯ್ಲೆಂಡಿನ ಇಸಾನ್ ಸೀಮೆಯಲ್ಲಿ ಈ ಲೆಕ್ಕ ತಿರುಗುಮುರುಗು. ಅಲ್ಲಿ ಅತ್ತೆ, ಮಾವ, ಭಾವಮೈದುನರು, ಅವರ ಮಕ್ಕಳು, ಪಕ್ಕದ ಮನೆಯ ಚಿಕ್ಕಮ್ಮ ಎಲ್ಲ ಸೇರಿ ನವಗ್ರಹಗಳಾಗಿ ಸುತ್ತುತ್ತಿರುತ್ತಾರೆ. ನಡುವೆ ಅರ್ಧ ಚಡ್ಡಿ, ತೋಳಿಲ್ಲದ ಬನಿಯನ್ನು ತೊಟ್ಟು, ಬಿಸಿಲಿಗೆ ಮುಖ ಕೆಂಪಾದ ಪರಂಗಿ ಅಳಿಯ ಗ್ರಹಚಾರ ಅನುಭವಿಸುತ್ತ ಕೂತಿರುತ್ತಾನೆ. ಕೂತಿರುವುದು ಅವನದೇ ಬಾರಿನಲ್ಲಿ. ಅವನದೇ ಎಂದರೆ ಎಷ್ಟು ಅವನದು ಎಂಬುದಕ್ಕೆ ಆಮೇಲೆ ಬರೋಣ.

ಇಸಾನ್ ಎಂದರೆ ದೇಶದ ಈಶಾನ್ಯ ಭಾಗ. 20 ಪ್ರಾಂತ್ಯಗಳು, ಮಳೆ ನಂಬಿದ ಗದ್ದೆಗಳು, ಲಾವೋಸಿನ ಕಡೆಗೆ ವಾಲಿದ ಮಾತು, ಅಂಟಕ್ಕಿಯ ಊಟ. ದುಡಿಯಲು ಬ್ಯಾಂಕಾಕಿಗೋ ಪಟ್ಟಾಯಕ್ಕೋ ಹೋದ ಇಲ್ಲಿನ ಹೆಣ್ಣುಮಕ್ಕಳಲ್ಲಿ ಕೆಲವರು ಗಂಡನ ಸಮೇತ ಊರಿಗೆ ಮರಳುತ್ತಾರೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಉದೋನ್ ಥಾನಿಯ ವಾಯುನೆಲೆಗೆ ಅಮೆರಿಕದ ಸೈನಿಕರು ಬಂದಿಳಿದರು. ಆಗಲೂ ಇಂಥ ಸಂಬಂಧಗಳು ಕುದುರಿದವು. 1976ರ ಹೊತ್ತಿಗೆ ಸೇನೆ ಗಂಟುಮೂಟೆ ಕಟ್ಟಿತು, ಅಳಿಯಂದಿರು ಬರುವುದು ಮಾತ್ರ ನಿಲ್ಲಲಿಲ್ಲ. ಈಗ ಬರುವವನು ಸೈನಿಕನಲ್ಲ. ಲೀಡ್ಸಿನ ನಲ್ಲಿ ರಿಪೇರಿಯವನು, ಹ್ಯಾಂಬರ್ಗಿನ ಲಾರಿ ಚಾಲಕ, ನಾರ್ವೆಯ ತೈಲಬಾವಿಯಲ್ಲಿ ಮೈ ಸವೆಸಿದವನು. ವಯಸ್ಸು ಐವತ್ತೈದು ದಾಟಿದೆ, ಒಂದು ವಿಚ್ಛೇದನವಾಗಿದೆ, ಒಂದು ಮಂಡಿ ಕೆಟ್ಟಿದೆ, ಊರಿನ ಮನೆ ಮಾರಿದ ದುಡ್ಡು ಬ್ಯಾಂಕಿನಲ್ಲಿದೆ.

ಮೊದಲ ಆರು ತಿಂಗಳು ಸ್ವರ್ಗ. ಮಾವಿನ ಮರಕ್ಕೆ ಜೋಲಿ ಕಟ್ಟಿ ಮಲಗುತ್ತಾನೆ, ಎಮ್ಮೆಯ ಫೋಟೋ ತೆಗೆಯುತ್ತಾನೆ, ಸಿಕ್ಕಿದವರಿಗೆಲ್ಲ ಕೈಮುಗಿಯುತ್ತಾನೆ, ಕೆಲವೊಮ್ಮೆ ಎಮ್ಮೆಗೂ. ಏಳನೆಯ ತಿಂಗಳಿಗೆ ಎಮ್ಮೆ ಬೇಸರವಾಗುತ್ತದೆ. ಮನೆಯಲ್ಲಿ ಎಲ್ಲರೂ ಮಾತಾಡುತ್ತಾರೆ, ಎಲ್ಲರೂ ನಗುತ್ತಾರೆ, ಯಾಕೆಂದು ಇವನಿಗೆ ತಿಳಿಯುವುದಿಲ್ಲ. ಮೂವತ್ತು ವರ್ಷ ಬೆಳಿಗ್ಗೆ ಏಳಕ್ಕೆ ಬೂಟು ಕಟ್ಟಿದ ಮನುಷ್ಯ. ಅಡುಗೆಮನೆಗೆ ಬಂದು ಪಾತ್ರೆಗಳನ್ನು ಎತ್ತರದ ಪ್ರಕಾರ ಜೋಡಿಸಲು ಶುರುಮಾಡುತ್ತಾನೆ. ಅತ್ತೆ ಮಗಳನ್ನು ನೋಡುತ್ತಾಳೆ. ಮಗಳು ಗಂಡನನ್ನು ನೋಡುತ್ತಾಳೆ. ಆ ಸಂಜೆಯೇ ಅವನಿಗೆ ಜ್ಞಾನೋದಯ: ಈ ಊರಿನಲ್ಲಿ ಒಂದು ಸರಿಯಾದ ಬಾರಿಲ್ಲ.

ಅವನನ್ನು ಯಾರೂ ಎಚ್ಚರಿಸಲಿಲ್ಲ ಎನ್ನುವಂತಿಲ್ಲ. ಅಲ್ಲಿನ ಪರಂಗಿಗಳ ನಡುವೆ ಹಳೆಯದೊಂದು ಜೋಕಿದೆ. ಥಾಯ್ಲೆಂಡಿನಲ್ಲಿ ಸಣ್ಣ ಆಸ್ತಿ ಮಾಡುವುದು ಹೇಗೆ? ದೊಡ್ಡ ಆಸ್ತಿ ಇಟ್ಟುಕೊಂಡು ಬಂದರಾಯಿತು. ಇದನ್ನು ಪ್ರತಿಯೊಬ್ಬನೂ ತಾನೇ ಹುಟ್ಟಿಸಿದ ಹಾಗೆ ಹೇಳುತ್ತಾನೆ. ನಮ್ಮವನೂ ಹೊಟ್ಟೆ ಹಿಡಿದು ನಗುತ್ತಾನೆ, ಆಮೇಲೆ ಕೌಂಟರಿಗೆ ತೇಗದ ಹಲಗೆ ಹಾಕುವುದೋ ಗ್ರಾನೈಟ್ ಹಾಕುವುದೋ ಎಂದು ಕೇಳುತ್ತಾನೆ.

ಮೊದಲ ಮೆಟ್ಟಿಲು ಭೂದಾಖಲೆ ಕಚೇರಿ. ವಿದೇಶಿಯನು ಅಲ್ಲಿ ನೆಲ ಕೊಳ್ಳುವಂತಿಲ್ಲ, ಹೆಂಡತಿ ಕೊಳ್ಳಬಹುದು. ಆದರೆ ಗಂಡ ಜೊತೆಗೆ ಹೋಗಿ, ಈ ಹಣ ಅವಳ ಸ್ವಂತದ್ದು, ಇದರಲ್ಲಿ ನನ್ನ ಹಕ್ಕೇನೂ ಇಲ್ಲ ಎಂದು ಬರೆದುಕೊಡಬೇಕು. ಜೀವಮಾನವೆಲ್ಲ ಬೇರೆಯವರ ಮೋರಿಯಲ್ಲಿ ಕೈಯಿಟ್ಟು ಕೂಡಿಸಿದ ದುಡ್ಡನ್ನು ಮೇಜಿನ ಮೇಲಿಟ್ಟು, ಇದಕ್ಕೂ ನನಗೂ ಸಂಬಂಧವಿಲ್ಲ ಎಂದು ಸಹಿ ಹಾಕುವುದು ವೇದಾಂತಿಗಳಿಗೂ ಕಷ್ಟ. ಇವನು ನಗುನಗುತ್ತ ಹಾಕುತ್ತಾನೆ, ಕಾಗದ ಥಾಯ್ ಲಿಪಿಯಲ್ಲಿರುವುದರಿಂದ. ಕಟ್ಟಡ ಮಾತ್ರ ಅವನ ಹೆಸರಿನಲ್ಲಿರಬಹುದು, ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಮುಂದೆ ಮನಸ್ತಾಪ ಬಂದರೆ ನೆಲ ಬಿಟ್ಟು ಬಾರನ್ನಷ್ಟೇ ಎತ್ತಿಕೊಂಡು ಹೊರಡಲು ಪೂರ್ಣ ಸ್ವಾತಂತ್ರ್ಯವುಂಟು.

ಎರಡನೆಯದು ಕಂಪನಿ. 1999ರ ವಿದೇಶಿ ವ್ಯಾಪಾರ ಕಾಯ್ದೆ ಅನ್ನ, ಪಾನೀಯ ಮಾರುವುದನ್ನು ಸ್ಥಳೀಯರಿಗೆ ಮೀಸಲಾದ ಪಟ್ಟಿಯಲ್ಲಿಟ್ಟಿದೆ. ಹಾಗಾಗಿ ಮಾಮೂಲಿ ದಾರಿ 49 ಮತ್ತು 51. ಅವನದು 49, ಉಳಿದದ್ದು ಹೆಂಡತಿ ಮತ್ತು ಅವಳ ಕಡೆಯವರದು. ಹೆಸರು ಮಾತ್ರ ಕೊಟ್ಟು ವಿದೇಶಿಯನಿಗೆ ಮರೆಯಾಗಿ ನಿಂತ ಷೇರುದಾರನಿಗೆ ಮೂರು ವರ್ಷದವರೆಗೂ ಜೈಲುಂಟು. ಅದಕ್ಕೇ ವಕೀಲ ಭಾವಮೈದುನನನ್ನು ಕೇಳುತ್ತಾನೆ, ನೀನು ನಿಜವಾಗಿ ಏನಾದರೂ ಹಾಕಿದ್ದೀಯಾ? ಅವನು ಎದೆ ಮುಟ್ಟಿಕೊಂಡು, ಗೋಡೆ ಕಟ್ಟಿದ ದಿನದಿಂದ ಹಾಕುತ್ತಲೇ ಇದ್ದೇನೆ ಎನ್ನುತ್ತಾನೆ. ಸುಳ್ಳಲ್ಲ. ಕ್ರೇಟುಗಳು ಸಾಕ್ಷಿ ಹೇಳುತ್ತವೆ.

ಮೂರನೆಯದು ಕೆಲಸದ ಪರವಾನಗಿ, ಮತ್ತು ನಮ್ಮ ನಾಯಕ ನಿಜವಾಗಿ ಬಡವಾಗುವುದು ಇಲ್ಲಿಯೇ. ಸಾಮಾನ್ಯ ವಿದೇಶಿಯನಿಗೆ ಪರವಾನಗಿ ಕೊಡಲು ಕಂಪನಿಗೆ 20 ಲಕ್ಷ ಬಾತ್ ಬಂಡವಾಳ ಬೇಕು, ಥಾಯ್ ಹೆಣ್ಣಿನ ಕೈಹಿಡಿದವನಿಗೆ 10 ಲಕ್ಷ ಸಾಕು. ದಾಂಪತ್ಯಕ್ಕೆ ನೇರವಾಗಿ 50 ಪರ್ಸೆಂಟ್ ಡಿಸ್ಕೌಂಟ್ ಕೊಡುವ ಸರ್ಕಾರ ಬೇರೆಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಪರವಾನಗಿ ಸಿಕ್ಕಿತೆಂದು ಎಲ್ಲ ಕೆಲಸ ಮಾಡುವಂತಿಲ್ಲ. ವಿದೇಶಿಯರಿಗೆ ನಿಷಿದ್ಧವಾದ ಕಸುಬುಗಳ ಪಟ್ಟಿಯೊಂದು 1979ರಿಂದ ಇದೆ, ಕಾಲಕಾಲಕ್ಕೆ ತಿದ್ದುಪಡಿಯಾಗಿದೆ. ಕ್ಷೌರ, ಪ್ರವಾಸಿ ಗೈಡು, ಬೀದಿ ವ್ಯಾಪಾರ, ಬುದ್ಧನ ವಿಗ್ರಹ ಮಾಡುವುದು, ಭಿಕ್ಷುಗಳ ಭಿಕ್ಷಾಪಾತ್ರೆ ಮಾಡುವುದು ಎಲ್ಲ ಅದರಲ್ಲಿ ಬಂದಿವೆ. ಪಾತ್ರೆ ಮಾಡಬಾರದು ಎಂದಿದೆಯೇ ಹೊರತು ಹಿಡಿಯುವ ವಿಚಾರ ಆ ಪಟ್ಟಿ ಎತ್ತುವುದಿಲ್ಲ. ದೂರದೃಷ್ಟಿ ಇಟ್ಟುಕೊಂಡೇ ಬರೆದಿರಬೇಕು.

ಪರವಾನಗಿ ಬರುವ ತನಕ ಒಂದು ಲೋಟ ತೊಳೆದರೂ ಅದು ಕೆಲಸ, ಕೆಲಸವಾದರೆ ಅಪರಾಧ. ನಮ್ಮ ಉಡುಪಿ ಹೋಟೆಲಿನ ಭಟ್ಟರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ತಟ್ಟೆ ತೊಳೆಯುತ್ತ ಊರು ಸೇರಿ, ಕೊನೆಗೆ ಗಲ್ಲಾದ ಹಿಂದೆ ಕೂತವರ ವಂಶ ಅದು. ಇಲ್ಲಿ ಮಾಲೀಕ ಗಲ್ಲಾದ ಮುಂದೆ ಗಿರಾಕಿಯ ಸ್ಟೂಲಿನಲ್ಲಿ ಕೂತಿದ್ದಾನೆ, ಹಿಂದೆ ಅತ್ತೆ ಕೂತಿದ್ದಾಳೆ. ಅವಳಿಗೆ ಇಂಗ್ಲಿಷ್ ಬಾರದು, ಇವನಿಗೆ ಇಸಾನಿನ ಮಾತು ಬಾರದು. ಇಬ್ಬರ ನಡುವೆ ಒಂದು ಕ್ಯಾಲ್ಕುಲೇಟರಿದೆ. ಅವಳು ಒತ್ತಿ ತೋರಿಸುತ್ತಾಳೆ, ಇವನು ನೋಡಿ ನಿಟ್ಟುಸಿರು ಬಿಡುತ್ತಾನೆ. ಅತ್ತೆ ಅಳಿಯಂದಿರ ನಡುವೆ ಇಷ್ಟು ನಿಖರವಾದ ಮಾತುಕತೆ ನಮ್ಮ ಮನೆಗಳಲ್ಲಿ ಅಪರೂಪ.

ಪ್ರಾರಂಭೋತ್ಸವ ಭರ್ಜರಿ. ಒಂಬತ್ತು ಭಿಕ್ಷುಗಳು ಬೆಳಿಗ್ಗೆಯೇ ಬರುತ್ತಾರೆ, ಮಧ್ಯಾಹ್ನದ ಮೇಲೆ ಅವರು ಉಣ್ಣುವುದಿಲ್ಲವಲ್ಲ. ಬಾರಿನ ಸುತ್ತ ಬಿಳಿ ನೂಲು ಕಟ್ಟಿ, ಮಂತ್ರ ಪಠಿಸಿ, ತೀರ್ಥ ಚಿಮುಕಿಸುತ್ತಾರೆ. ಬಿಯರ್ ಕ್ರೇಟುಗಳ ಮೇಲೆ ಟಾರ್ಪಾಲು ಹೊದೆಸಿರುತ್ತದೆ, ಮರ್ಯಾದೆಗೆ. ಅಂಗಳದ ಭೂತದ ಗುಡಿಗೆ ಕೆಂಪು ಫ್ಯಾಂಟಾ ನೈವೇದ್ಯ, ಗಲ್ಲಾದ ಪಕ್ಕ ಗಿರಾಕಿಗಳನ್ನು ಕೈಬೀಸಿ ಕರೆಯುವ ನಾಂಗ್ ಕ್ವಾಕ್ ದೇವಿಯ ಬೊಂಬೆ. ಪ್ರತಿ ತಿಂಗಳು 1 ಮತ್ತು 16ಕ್ಕೆ ಸರ್ಕಾರಿ ಲಾಟರಿ ಡ್ರಾ ಇರುವುದರಿಂದ, ಮೊದಲ ಬಿಲ್ಲಿನ ಸಂಖ್ಯೆಯನ್ನು ಅತ್ತೆ ಬರೆದಿಟ್ಟುಕೊಳ್ಳುತ್ತಾಳೆ. ಆ ದಿನ ಊರಿಗೆ ಊರೇ ಉಂಡು ಕುಡಿಯುತ್ತದೆ, ಬಿಟ್ಟಿ. ಅಳಿಯ ಆ ಜನಸಾಗರ ನೋಡಿ, ಎರಡನೆಯ ಬ್ರಾಂಚ್ ಎಲ್ಲಿ ತೆರೆಯುವುದು ಎಂದು ಯೋಚಿಸುತ್ತಾನೆ.

ಮರುದಿನ ನಾಲ್ವರು ಬರುತ್ತಾರೆ. ನಾಲ್ವರೂ ಅವನಂಥವರೇ.

ಸ್ಥಳೀಯರು ಬರುವುದಿಲ್ಲ. ಅವರಿಗೆ ಅಂಗಡಿಯಿಂದ ಲಿಯೋ ಬಿಯರ್ ತಂದು, ಮನೆಮುಂದೆ ಚಾಪೆ ಹಾಸಿ, ಲೋಟಕ್ಕೆ ಐಸ್ ಹಾಕಿ ಕುಡಿಯುವುದರಲ್ಲಿ ಕೊರತೆಯೇನೂ ಕಂಡಿಲ್ಲ. ಬಿಯರಿಗೆ ಐಸ್ ಹಾಕುವುದನ್ನು ನೋಡಿ ಅಳಿಯನ ಕರುಳು ಕಿವುಚುತ್ತದೆ; ನಲವತ್ತು ಡಿಗ್ರಿ ಬಿಸಿಲಿನ ಮೊದಲ ಏಪ್ರಿಲ್ ಕಳೆದ ಮೇಲೆ ಅವನೂ ಹಾಕಿಕೊಳ್ಳುತ್ತಾನೆ. ಇನ್ನು ಆ ನಾಲ್ವರಲ್ಲಿ ಮೂವರಿಗೆ ತಮ್ಮದೇ ಬಾರುಗಳಿವೆ. ಸೋಮವಾರ ಇವನಲ್ಲಿ ಅವರು, ಮಂಗಳವಾರ ಸ್ವಿಸ್ ಅಳಿಯನಲ್ಲಿ ಇವನು. ಒಂದೇ ಸಾವಿರ ಬಾತ್ ನೋಟು ವಾರವಿಡೀ ನಾಲ್ಕು ಗಲ್ಲಾ ಸುತ್ತಿ ಶನಿವಾರ ಸುಸ್ತಾಗಿ ಮನೆಗೆ ಬರುತ್ತದೆ. ನಾಲ್ವರೂ ಇದನ್ನು ವಹಿವಾಟು ಎಂದು ಕರೆಯುತ್ತಾರೆ. ಮಧ್ಯಾಹ್ನ 2ರಿಂದ 5ರವರೆಗೆ ಮದ್ಯ ಮಾರಬಾರದೆಂಬ ನಿಯಮ ಅಲ್ಲಿ ದಶಕಗಳ ಕಾಲ ಇತ್ತು. ನಿವೃತ್ತರಿಗೆ ದಾಹವಾಗುವ ಹೊತ್ತೂ ಅದೇ. ಬೌದ್ಧರ ದೊಡ್ಡ ಹಬ್ಬಗಳ ದಿನವೂ ಬಾಗಿಲು ಹಾಕಬೇಕಿತ್ತು. ನಾಟಿಯ ಕಾಲಕ್ಕೆ ಬಾರಿನ ಕೆಲಸದ ಹುಡುಗ ಹುಡುಗಿಯರು ಗದ್ದೆಗೆ ಹೊರಟುಬಿಡುತ್ತಾರೆ, ಕೊಯ್ಲಿಗೂ ಅಷ್ಟೆ. ರಜೆ ಕೇಳುವುದಿಲ್ಲ, ಹೋಗಿಬಂದ ಮೇಲೆ ಮೈ ಪೆನ್ ರೈ, ಏನೂ ಪರವಾಗಿಲ್ಲ ಎಂದು ಇವನನ್ನೇ ಸಂತೈಸುತ್ತಾರೆ.

ಅಳಿಯನ ಪಟ್ಟವೂ ಕಾಯಂ ಅಲ್ಲ. ಮದುವೆಯ ಆಧಾರದ ವೀಸಾ ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಬ್ಯಾಂಕಿನಲ್ಲಿ 4 ಲಕ್ಷ ಬಾತ್ ಇಡಬೇಕು, ಇಲ್ಲವೇ ತಿಂಗಳಿಗೆ 40 ಸಾವಿರ ವರಮಾನ ತೋರಿಸಬೇಕು. ಗಂಡ ಹೆಂಡತಿ ಮನೆಯಲ್ಲಿ ಒಟ್ಟಿಗಿರುವ ಫೋಟೋಗಳು ಬೇಕು, ಮನೆಗೆ ದಾರಿ ತೋರುವ ನಕ್ಷೆ ಬೇಕು. ದೇಗುಲ, ಬಾವಿ, ಬಾಗಿದ ತೆಂಗಿನ ಮರ ಎಲ್ಲ ಬರೆದು, ತನ್ನ ಬಾರನ್ನು ಸ್ವಲ್ಪ ದೊಡ್ಡದಾಗಿಯೇ ಬರೆಯುತ್ತಾನೆ. ಜೊತೆಗೆ 90 ದಿನಕ್ಕೊಮ್ಮೆ, ಇನ್ನೂ ಇಲ್ಲೇ ಇದ್ದೇನೆ ಎಂದು ವರದಿ. ನಮ್ಮ ಅಳಿಯಂದಿರಿಗೂ ಇಂಥದೊಂದು ವ್ಯವಸ್ಥೆ ಬರಲಿ ಎನ್ನುವ ಮಾವಂದಿರು ನಮ್ಮಲ್ಲಿ ಕಡಿಮೆಯಿರಲಾರರು.

ಇಂಥವನ ಕಥೆ ಕೇಳಿದವರು, ಹೆಂಡತಿ ಬೋಳಿಸಿದಳು ಎಂದು ತೀರ್ಪು ಕೊಡುತ್ತಾರೆ. ಹಾಗೆ ಬೋಳಿಸಿಕೊಂಡವರು ಇಲ್ಲವೆಂದಲ್ಲ. ಆದರೆ ನಾನು ಹೇಳುತ್ತಿರುವ ಮಾದರಿಯ ಮನೆಯಲ್ಲಿ ಆ ತೀರ್ಪು ನಿಲ್ಲುವುದಿಲ್ಲ, ಯಾಕೆಂದರೆ ಅಲ್ಲಿ ವ್ಯಾಪಾರ ಗೊತ್ತಿರುವುದು ಅವಳೊಬ್ಬಳಿಗೇ. ಬಾರು ತೆರೆದ ಮೂರನೆಯ ವಾರಕ್ಕೆ ಅವಳು ಅದರ ಮುಂದೆ ಒಂದು ತಳ್ಳುಗಾಡಿ ನಿಲ್ಲಿಸಿದಳು. ಪರಂಗಿಕಾಯಿ ತುರಿದು, ಒರಳಿಗೆ ಹಾಕಿ, ಮೆಣಸಿನಕಾಯಿ, ನಿಂಬೆ, ಕೊಳೆಸಿದ ಮೀನಿನ ರಸ ಸೇರಿಸಿ ಕುಟ್ಟಿದಳೆಂದರೆ ಸೋಮ್ ತಮ್ ತಯಾರು. ಪಕ್ಕದಲ್ಲಿ ಸುಟ್ಟ ಕೋಳಿ, ಬಿದಿರ ಬುಟ್ಟಿಯಲ್ಲಿ ಅಂಟಕ್ಕಿ. ಬೆಳಿಗ್ಗೆ ಹತ್ತಕ್ಕೇ ಸಾಲು. ಷೇರು ಬೇಡ, 49 ಬೇಡ, ತೇಗದ ಕೌಂಟರ್ ಬೇಡ. ಅವಳು ಕುಟ್ಟುವ ಸದ್ದಿಗೆ ಬಾರಿನಲ್ಲಿ ಹಾಕಿದ ಫುಟ್‌ಬಾಲ್ ಕಾಮೆಂಟರಿ ಕೇಳಿಸುವುದಿಲ್ಲ ಎಂದು ಅಳಿಯ ದೂರುತ್ತಾನೆ. ಅವಳು ಮಧ್ಯಾಹ್ನ ಅವನಿಗೂ ಒಂದು ತಟ್ಟೆ ಕಳಿಸುತ್ತಾಳೆ, ಮೆಣಸಿನಕಾಯಿ ಒಂದೇ ಹಾಕಿ.

ರಾತ್ರಿ ಲೆಕ್ಕ ಬರೆಯುವವಳೂ ಅವಳೇ. ಬಾರಿನ ನಷ್ಟವನ್ನು ಅವಳು ವ್ಯಾಪಾರದ ಪುಟದಲ್ಲಿ ಬರೆಯುವುದಿಲ್ಲ. ಗಂಡನ ಔಷಧಿಯ ಖರ್ಚಿನ ಕೆಳಗೆ, ರಕ್ತದೊತ್ತಡದ ಮಾತ್ರೆಯ ಪಕ್ಕ ಬರೆಯುತ್ತಾಳೆ. ನನಗೆ ಇದು ಸರಿಯಾದ ಲೆಕ್ಕಪತ್ರ ಎನಿಸುತ್ತದೆ. ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಳ್ಳಲು ಅವನಿಗೊಂದು ಕಾರಣ ಸಿಕ್ಕಿದೆ, ಅಡುಗೆಮನೆಯ ಪಾತ್ರೆಗಳು ಮೊದಲಿನ ಜಾಗಕ್ಕೆ ಮರಳಿವೆ, ಹುಡುಗರು ಅವನನ್ನು ಬಾಸ್ ಎನ್ನುತ್ತಾರೆ. ಲೀಡ್ಸಿನಲ್ಲಿದ್ದರೆ ಇದೇ ದುಡ್ಡು ಕೊಟ್ಟು ಬೇರೆಯವರ ಬಾರಿನ ಮೂಲೆಯಲ್ಲಿ ಒಬ್ಬನೇ ಕೂರುತ್ತಿದ್ದ, ಸ್ವೆಟರ್ ಹಾಕಿಕೊಂಡು.

ಮೂರನೆಯ ವರ್ಷಕ್ಕೆ ಬಾರಿನ ಮುಂದೆ ಬೋರ್ಡು ಬೀಳುತ್ತದೆ: ಮಾರಾಟಕ್ಕಿದೆ, ನಡೆಯುತ್ತಿರುವ ವ್ಯಾಪಾರ. ಇದನ್ನು ಕೊಳ್ಳುವವರು ಯಾರಾದರೂ ಇರುತ್ತಾರೆಯೇ ಎಂದು ನೀವು ಕೇಳಬಹುದು. ಇರುತ್ತಾರೆ. ಪಕ್ಕದ ಹಳ್ಳಿಗೆ ಬಂದು ಏಳನೆಯ ತಿಂಗಳು ನಡೆಯುತ್ತಿರುವ ಆಸ್ಟ್ರೇಲಿಯಾದ ಅಳಿಯನೊಬ್ಬ ಬಂದು ತೇಗದ ಕೌಂಟರ್ ಸವರಿ ನೋಡುತ್ತಾನೆ. ನಮ್ಮವನು ಪ್ರಾಮಾಣಿಕ. ಬೇಡಪ್ಪಾ, ಈ ಉಸಾಬರಿಗೆ ಬೀಳಬೇಡ ಎಂದು ಬಿಡಿಸಿ ಹೇಳುತ್ತಾನೆ, ಆ ಹಳೆಯ ಜೋಕನ್ನೂ ಹೇಳುತ್ತಾನೆ. ಇಬ್ಬರೂ ಹೊಟ್ಟೆ ಹಿಡಿದು ನಗುತ್ತಾರೆ. ಆಮೇಲೆ ಹೊಸಬ ಮುಂಗಡ ಎಣಿಸುತ್ತಾನೆ.

ನೆಲ ಹೇಗೂ ಹೆಂಡತಿಯದಲ್ಲವೇ, ಬಾಡಿಗೆ ಕರಾರನ್ನು ಅವಳೇ ಬರೆಸುತ್ತಾಳೆ. ಬಾರು, ಸ್ಟೂಲು, ಪೂಲ್ ಟೇಬಲ್, ನಾಂಗ್ ಕ್ವಾಕ್ ಬೊಂಬೆ ಎಲ್ಲವೂ ಹೊಸಬನಿಗೆ. ಮುಂದಿನ ಗಾಡಿಯ ಜಾಗ ಮಾತ್ರ ತನಗೆ. ಗಂಡಸರು ಕೈಕುಲುಕುತ್ತಿರುವಾಗ ಹೊಸಬನ ಹೆಂಡತಿ ಗಾಡಿಯ ಹತ್ತಿರ ಬಂದು, ದಿನಕ್ಕೆ ಎಷ್ಟು ಕಿಲೋ ಕೋಳಿ ಹೋಗುತ್ತದೆ ಎಂದು ಕೇಳುತ್ತಾಳೆ. ಅಳಿಯ ನಾಳೆಯಿಂದ ಅದೇ ಸ್ಟೂಲಿನಲ್ಲಿ ಗಿರಾಕಿಯಾಗಿ ಕೂರುತ್ತಾನೆ, ಸಾಲದ ಖಾತೆ ತೆರೆದು.