ಲಕ್ಷ ರೂಪಾಯಿ ಫೋನಿನ ಗೃಹಮೀಮಾಂಸೆ

ಅಮೆರಿಕದ ಕನ್ನಡ ಸಂಸಾರಗಳಲ್ಲಿ ದುಬಾರಿ ಫೋನಿನ ಪ್ರಶ್ನೆ ವರ್ಷಕ್ಕೆರಡು ಬಾರಿ ತಲೆ ಎತ್ತುತ್ತದೆ. ಹೊಸ ಐಫೋನು ಸೆಪ್ಟೆಂಬರಿನಲ್ಲಿ, ಗಣೇಶನ ಕಡುಬಿನ ಆಸುಪಾಸಿನಲ್ಲಿ ಬರುತ್ತದೆ. ಸ್ಯಾಮ್‌ಸಂಗಿನ ಗ್ಯಾಲಕ್ಸಿ ಅಲ್ಟ್ರಾ ಬರುವುದು ಎಳ್ಳು ಬೆಲ್ಲ ಬೀರಿದ ಮೇಲೆ. ಯಾವುದೇ ಬಂದರೂ ಚರ್ಚೆಯ ಕ್ರಮ ಒಂದೇ. ಮೊದಲು ಬೆಲೆ, ಆಮೇಲೆ ಕ್ಯಾಮೆರಾ, ಆಮೇಲೆ ಆಫರು, ಕೊನೆಗೆ ನಿಜವಾದ ವಿಷಯ: ಹಳೆಯ ಫೋನು ಯಾರಿಗೆ?

ಬೆಲೆಯ ಅಂಕಿಯಲ್ಲಿ ಗೊಂದಲವಿಲ್ಲ. 2007ರ ಮೊದಲ ಐಫೋನಿನ 8 ಜಿಬಿ ಮಾದರಿಗೆ 599 ಡಾಲರ್ ಇತ್ತು. 2017ರಲ್ಲಿ ಐಫೋನ್ ಟೆನ್ 999ಕ್ಕೆ ಬಂದಾಗ ‘ಸಾವಿರ ಡಾಲರಿನ ಫೋನೇ!’ ಎಂದು ಮೂಗಿನ ಮೇಲೆ ಬೆರಳಿಟ್ಟವರು, 2024ರಲ್ಲಿ 16 ಪ್ರೊ ಮ್ಯಾಕ್ಸ್ 1,199 ಎಂದಾಗ ಅದೇ ಬೆರಳಿನಿಂದ ಪ್ರೀ-ಆರ್ಡರ್ ಒತ್ತಿದರು. ಮಾರನೇ ವರ್ಷದ ಗ್ಯಾಲಕ್ಸಿ ಎಸ್25 ಅಲ್ಟ್ರಾದ ಬೆಲೆ 1,299.

ಗೊಂದಲ ಇರುವುದು ನಾಣ್ಯದಲ್ಲಿ. ಸಂಬಳ ಡಾಲರಿನಲ್ಲಿ ಬಂದು, ಮನೆಯ ಕಂತು ಡಾಲರಿನಲ್ಲೇ ಹೋಗಿ, ಮಕ್ಕಳು ಅಲ್ಲೇ ಹುಟ್ಟಿ ಕಾಲೇಜು ಸೇರಿದರೂ ತಲೆಯೊಳಗಿನ ಲೆಕ್ಕ ಮಾತ್ರ ರೂಪಾಯಿಯಲ್ಲೇ ನಡೆಯುತ್ತದೆ. ಇದಕ್ಕೊಂದು ನಿಯಮವೂ ಉಂಟು. ಕೊಳ್ಳಬೇಕೆಂದು ಆಸೆಯಿರುವವರು ಡಾಲರಿನಲ್ಲಿ ಲೆಕ್ಕ ಹಾಕುತ್ತಾರೆ, ಬೇಡವೆನ್ನುವವರು ರೂಪಾಯಿಯಲ್ಲಿ. ಗಂಡ ‘ಬರೀ ಸಾವಿರದ ಇನ್ನೂರು’ ಎನ್ನುತ್ತಾನೆ. ಹೆಂಡತಿ 2025ರ ಸುಮಾರಿನ ದರದಲ್ಲಿ, ಡಾಲರಿಗೆ 85ರಂತೆ ಗುಣಿಸಿ ‘ರೀ, ಒಂದು ಲಕ್ಷದ ಎರಡು ಸಾವಿರ’ ಎನ್ನುತ್ತಾಳೆ. ಬೆಂಗಳೂರಿಗೆ ಹೋದಾಗ ಮೈಸೂರು ಸಿಲ್ಕ್ ಅಂಗಡಿಯಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ಇಪ್ಪತ್ತೈದು ಸಾವಿರದ ಸೀರೆ ಅವಳಿಗೆ ಕೇವಲ ಮುನ್ನೂರು ಡಾಲರು, ಅವನಿಗೆ ಪೂರ್ತಿ ಇಪ್ಪತ್ತೈದು ಸಾವಿರ.

ಇಂಥ ಹೊತ್ತಿನಲ್ಲಿ ಗಂಡನ ನೆರವಿಗೆ ಬರುವುದು ದಿನವಹಿ ಲೆಕ್ಕ. ಫೋನನ್ನು ಐದು ವರ್ಷ ಬಳಸಿದರೆ ದಿನಕ್ಕೆ 66 ಸೆಂಟು, ಅಂದರೆ ಸುಮಾರು 56 ರೂಪಾಯಿ, ದರ್ಶಿನಿಯಲ್ಲಿ ಇಡ್ಲಿ-ವಡೆಯ ದುಡ್ಡು. ಲೆಕ್ಕದಲ್ಲಿ ತಪ್ಪಿಲ್ಲ. ಐದು ವರ್ಷ ಬಾಳಿಸುವುದೂ ಸಾಧ್ಯ. ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಎಸ್24ರಿಂದ ಏಳು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡುವುದಾಗಿ ಮಾತು ಕೊಟ್ಟಿವೆ. ಆದರೆ ಐದು ವರ್ಷದ ಲೆಕ್ಕ ಒಪ್ಪಿಸಿ ಫೋನು ತಂದವನು ಮೂರನೇ ವರ್ಷಕ್ಕೇ ಮತ್ತೆ ಅದೇ ಲೆಕ್ಕ ಹಿಡಿದು ನಿಲ್ಲುತ್ತಾನೆ ಎಂಬುದು ಹೆಂಡತಿಗೆ ಗೊತ್ತಿರುತ್ತದೆ.

ಇನ್ನು ಕ್ಯಾಮೆರಾ. ಕನ್ನಡ ಕೂಟ ಇರದಿದ್ದರೆ ಈ ಮನೆಗಳಲ್ಲಿ ಟೆಲಿಫೋಟೋ ಲೆನ್ಸಿಗೆ ಕೆಲಸವೇ ಇರುತ್ತಿರಲಿಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಷ್ಟು ಹಿಂದಿನದು. ಅಂಥ ಕೂಟಗಳ ಯುಗಾದಿ, ರಾಜ್ಯೋತ್ಸವಗಳು ಹೆಚ್ಚಾಗಿ ಬಾಡಿಗೆಯ ಶಾಲಾ ಸಭಾಂಗಣದಲ್ಲಿ ನಡೆಯುತ್ತವೆ. ಮುಂದಿನ ಸಾಲುಗಳು ಪ್ರಾಯೋಜಕರಿಗೆ ಮೀಸಲು. ಪಾರ್ಕಿಂಗ್ ಹುಡುಕಿ, ಪುಳಿಯೋಗರೆಯ ಟ್ರೇ ಅಡುಗೆಮನೆಗೆ ತಲುಪಿಸಿ ಬರುವಷ್ಟರಲ್ಲಿ ಉಳಿಯುವುದು ಹಿಂದಿನ ಸಾಲೇ. ಅಲ್ಲಿಂದ, ಎಡದಿಂದ ಮೂರನೆಯವಳಾಗಿ ಕುಣಿಯುತ್ತಿರುವ ಮಗಳನ್ನು ಸೆರೆಹಿಡಿಯಬೇಕು. ಐದು ಪಟ್ಟಿನ ಝೂಮ್ ಎಂದರೆ ಯಜಮಾನನಿಗೆ ಎದೆ ಉಬ್ಬುವುದು ಇದಕ್ಕೇ.

ತೊಂದರೆ ಇರುವುದು ಬೆಳಕಿನಲ್ಲಿ. 16 ಪ್ರೊ ಮ್ಯಾಕ್ಸ್‌ನ ಮುಖ್ಯ ಲೆನ್ಸು ಎಫ್/1.78, ಟೆಲಿ ಲೆನ್ಸು ಎಫ್/2.8. ಟೆಲಿ ಲೆನ್ಸಿನ ಮೂಲಕ ಸೆನ್ಸರಿನ ಮೇಲೆ ಬೀಳುವ ಬೆಳಕು ಮುಖ್ಯ ಲೆನ್ಸಿನದರ ಅರ್ಧಕ್ಕಿಂತ ಕಡಿಮೆ, ಸೆನ್ಸರೂ ಚಿಕ್ಕದು. ಬೆಳಕು ಸಾಲದೆ ಹೋದಾಗ ಫೋನು ಯಾರಿಗೂ ಹೇಳದೆ ಮುಖ್ಯ ಕ್ಯಾಮೆರಾಕ್ಕೆ ಜಾರಿ, ಅದರ ಚಿತ್ರದ ನಡುಭಾಗವನ್ನೇ ಕತ್ತರಿಸಿ ಹಿಗ್ಗಿಸಿ ಕೊಡುವುದುಂಟು. ಆಗ ದುಡ್ಡು ಕೊಟ್ಟು ತಂದ ಲೆನ್ಸು ಸಭಿಕರ ಜೊತೆ ಕತ್ತಲಲ್ಲಿ ಸುಮ್ಮನೆ ಕುಳಿತಿರುತ್ತದೆ. ಸಾಲದ್ದಕ್ಕೆ ಮುಂದಿನ ಹತ್ತು ಸಾಲುಗಳಲ್ಲೂ ಅಪ್ಪಂದಿರು ಫೋನು ಎತ್ತಿ ಹಿಡಿದಿರುತ್ತಾರೆ. ಹೀಗಾಗಿ ವಿಡಿಯೋದಲ್ಲಿ ಮಗಳು ಅತ್ಯಂತ ಸ್ಪಷ್ಟವಾಗಿ ಕಾಣುವುದು ನಾಲ್ಕನೇ ಸಾಲಿನವರ ಫೋನಿನ ಪರದೆಯಲ್ಲಿ. ಆ ಪರದೆಯನ್ನೇ ಐದು ಪಟ್ಟು ಝೂಮ್ ಮಾಡಿ ಚಿತ್ರೀಕರಿಸಿದ ಬುದ್ಧಿವಂತರಿದ್ದಾರೆ. ಅದು ಈ ಲೆನ್ಸಿನ ಅತ್ಯುತ್ತಮ ಬಳಕೆ ಎಂದೇ ಹೇಳಬೇಕು.

ತೆಗೆದ ಫೋಟೋ ಹೋಗುವುದಾದರೂ ಎಲ್ಲಿಗೆ? ವಾಟ್ಸ್ಆ್ಯಪಿಗೆ. ಸಾಧಾರಣ ಗುಣಮಟ್ಟದಲ್ಲಿ ಕಳಿಸಿದರೆ ವಾಟ್ಸ್ಆ್ಯಪ್ ಎಂಥ ಫೋಟೋವನ್ನೂ ಎರಡು ಮೆಗಾಪಿಕ್ಸೆಲ್ ಆಸುಪಾಸಿಗೆ ಕುಗ್ಗಿಸುತ್ತದೆ. 2023ರ ಆಗಸ್ಟಿನಲ್ಲಿ ಎಚ್‌ಡಿ ಆಯ್ಕೆ ಬಂತು ನಿಜ, ಆದರೆ ‘ನಮ್ಮ ಫ್ಯಾಮಿಲಿ’ ಗುಂಪಿನಲ್ಲಿ ಆ ಗುಂಡಿಯನ್ನು ಒತ್ತಿದವರನ್ನು ಹುಡುಕಬೇಕು. ಮುಖ್ಯ ಕ್ಯಾಮೆರಾದ 48 ಮೆಗಾಪಿಕ್ಸೆಲಿನಲ್ಲಿ ತೆಗೆದದ್ದನ್ನೂ ಮೈಸೂರಿನ ಅಜ್ಜಿ ಎರಡರಲ್ಲಿ, ಅದೂ ಕನ್ನಡಕ ಹುಡುಕುವುದಕ್ಕೆ ಮೊದಲೇ ನೋಡಿ ‘ತುಂಬಾ ಇಳಿದುಹೋಗಿದ್ದಾಳೆ’ ಎಂದು ತೀರ್ಪು ಕೊಡುತ್ತಾರೆ. ವಿಡಿಯೋ ಕಾಲ್ ಇನ್ನೊಂದು ಬಗೆ. ಅಜ್ಜಿ ಫೋನನ್ನು ಟೀಪಾಯಿಯ ಮೇಲೆ ಅಂಗಾತ ಮಲಗಿಸಿ ಮಾತಾಡುವುದರಿಂದ ಲಕ್ಷ ರೂಪಾಯಿಯ ಪರದೆಯ ತುಂಬ ಮೂರು ರೆಕ್ಕೆಯ ಫ್ಯಾನು ತಿರುಗುತ್ತದೆ. ಪ್ರೊಮೋಷನ್ ಎಂಬ ಹೆಸರಿನ ಪರದೆ ಸೆಕೆಂಡಿಗೆ 120 ಸಲ ಹೊಸದಾಗುವ ಕಾರಣ ಫ್ಯಾನು ಬಹಳ ನುಣುಪಾಗಿ ತಿರುಗುತ್ತದೆ ಎಂದು ಯಜಮಾನ ನಂಬಿರುತ್ತಾನೆ. ಕಳಿಸುವ ಕಡೆಯ ಕ್ಯಾಮೆರಾ, ನಡುವಿನ ಇಂಟರ್‌ನೆಟ್ಟು ಕೊಟ್ಟಷ್ಟೇ ಕಾಣುವುದು ಎಂಬುದು ಅವನಿಗೂ ಗೊತ್ತು. ಒಪ್ಪಿಕೊಳ್ಳುವ ಹೊತ್ತು ಅದಲ್ಲ.

16 ಪ್ರೊ ಮ್ಯಾಕ್ಸ್‌ನ ಟೈಟಾನಿಯಂ ಚೌಕಟ್ಟಿನ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಡಬ್ಬಿ ತೆರೆದ ಐದು ನಿಮಿಷದಲ್ಲಿ ಅದು ಕಾಸ್ಟ್‌ಕೋದ ಕವರಿನೊಳಗೆ ಸೇರುತ್ತದೆ.

ಆಫರಿನ ವಿಷಯಕ್ಕೆ ಬಂದರೆ ‘ಫ್ರೀ’ ಎಂಬ ಮಾತಿನ ಮುಂದೆ ಎಂಥ ಲೆಕ್ಕಿಗನೂ ಮೆತ್ತಗಾಗುತ್ತಾನೆ. ಹಳೆಯ ಫೋನು ಕೊಟ್ಟರೆ ಸಾವಿರ ಡಾಲರ್ ರಿಯಾಯಿತಿ ಎನ್ನುವ ಮೊಬೈಲ್ ಕಂಪನಿಗಳು ಅದನ್ನು ಒಂದೇ ಸಲ ಕೊಡುವುದಿಲ್ಲ. 24 ಇಲ್ಲವೇ 36 ತಿಂಗಳ ಬಿಲ್ಲಿನಲ್ಲಿ ಚೂರುಚೂರಾಗಿ ಕಳೆಯುತ್ತವೆ. ನಡುವೆ ಕಂಪನಿ ಬಿಟ್ಟರೆ ಉಳಿದದ್ದು ಖೋತಾ. ದುಬಾರಿ ಪ್ಲಾನು ಕಡ್ಡಾಯವೆಂಬ ಷರತ್ತು ಕೆಳಗೆ ಸಣ್ಣಕ್ಷರದಲ್ಲಿರುತ್ತದೆ. ನಾಲ್ಕು ಲೈನಿನ ಮನೆಯಲ್ಲಿ ಲೈನಿಗೆ ತಿಂಗಳಿಗೆ ಹತ್ತು ಡಾಲರ್ ಹೆಚ್ಚಾದರೂ ಮೂರು ವರ್ಷಕ್ಕೆ 1,440 ಡಾಲರ್ ಆಯಿತು. ಅಷ್ಟಕ್ಕೆ ಫೋನನ್ನು ನಗದಾಗಿಯೇ ತಂದು ಕವರನ್ನೂ ಕೊಳ್ಳಬಹುದಿತ್ತು. ಕ್ಯಾಲಿಫೋರ್ನಿಯಾದಲ್ಲಂತೂ ಪ್ಲಾನಿನ ಜೊತೆ ಅಗ್ಗಕ್ಕೆ ಕೊಟ್ಟ ಫೋನಿಗೂ ಪೂರ್ತಿ ಬೆಲೆಯ ಮೇಲೆ ಮಾರಾಟ ತೆರಿಗೆ ಬೀಳುತ್ತದೆ. ಫ್ರೀ ಫೋನು ತರಲು ಹೋದವನು ನೂರು ಡಾಲರಿನ ಮೇಲೆ ಕೊಟ್ಟು ಬರುತ್ತಾನೆ. ಕಂತು ತೀರುವ ತನಕ ಫೋನು ಸಾಮಾನ್ಯವಾಗಿ ಆ ಕಂಪನಿಗೇ ಲಾಕ್. ಬೇಸಿಗೆ ರಜೆಗೆ ಊರಿಗೆ ಹೋದಾಗ ಅದರಲ್ಲಿ ಏರ್‌ಟೆಲ್ ಕೂರುವುದಿಲ್ಲ, ಜಿಯೋನೂ ಕೂರುವುದಿಲ್ಲ. ಹೊಸ ಫೋನು ಹಿಡಿದವನು ಮಲ್ಲೇಶ್ವರದಲ್ಲಿ ಆಟೋ ಕರೆಯಲು ತಂಗಿಯ ಫೋನು ಕೇಳಬೇಕಾಗುತ್ತದೆ.

ಇಷ್ಟಾದ ಮೇಲೆ ಅಸಲಿ ಪ್ರಶ್ನೆ. ಮನೆಯಲ್ಲಿ ಒಂದು ಹೊಸ ಫೋನು ಬಂದರೆ ನಾಲ್ಕು ಫೋನು ಕೈ ಬದಲಿಸುತ್ತವೆ. ಅಣ್ಣನ ಅಂಗಿ ತಮ್ಮನಿಗೆ ಇಳಿಯುವ ಹಾಗೆಯೇ ಇದು, ಕೊನೆಯ ಮೆಟ್ಟಿಲಿನ ದಿಕ್ಕು ಮಾತ್ರ ತಿರುವುಮುರುವು: ಅಪ್ಪನದು ಅಮ್ಮನಿಗೆ, ಅಮ್ಮನದು ಮಗಳಿಗೆ, ಮಗಳದು ಅಜ್ಜಿಗೆ. ಅಜ್ಜಿಯದು ಚಾರ್ಜರ್ ಸಮೇತ ಗೋದ್ರೇಜ್ ಬೀರು ಸೇರುತ್ತದೆ. ಈ ಸರಪಳಿಯಲ್ಲಿ ಯಾರೊಬ್ಬರು ಒಲ್ಲೆ ಎಂದರೂ ಇಡೀ ವ್ಯವಹಾರ ನಿಲ್ಲುತ್ತದೆ. ಅಮ್ಮನದು ಆ್ಯಂಡ್ರಾಯ್ಡ್ ಆಗಿದ್ದರೆ ಮಗಳು ಮುಟ್ಟುವುದಿಲ್ಲ. ಅಮೆರಿಕದ ಹೈಸ್ಕೂಲಿನಲ್ಲಿ ಮೆಸೇಜು ನೀಲಿ ಗುಳ್ಳೆಯಲ್ಲಿ ಬರಬೇಕು, ಹಸಿರಾದರೆ ಪಂಕ್ತಿಯಿಂದ ಹೊರಗೆ. 2024ರ ಐಒಎಸ್ 18ರಲ್ಲಿ ಆರ್‌ಸಿಎಸ್ ಎಂಬ ಮೆಸೇಜು ಪದ್ಧತಿ ಬಂದು ಆ್ಯಂಡ್ರಾಯ್ಡಿನಿಂದಲೂ ಒಳ್ಳೆಯ ಫೋಟೋ ಬರುವಂತಾಯಿತು, ಆದರೆ ಬಣ್ಣ ಹಸಿರೇ ಉಳಿಯಿತು.

ಸರಪಳಿಯ ಕೊನೆಯ ಕೊಂಡಿಯೇ ಕಠಿಣ. 2022ರ ಐಫೋನ್ 14ರಿಂದ ಅಮೆರಿಕದಲ್ಲಿ ಮಾರುವ ಐಫೋನುಗಳ ಮುಖ್ಯ ಸರಣಿಯಲ್ಲಿ ಸಿಮ್ ಹಾಕುವ ಕಿಂಡಿಯೇ ಇಲ್ಲ, ಎಲ್ಲ ಇ-ಸಿಮ್. ಅಜ್ಜಿಯ ಸಿಮ್ಮಿಗಾದರೋ ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗು, ಅಜ್ಜನ ಪಿಂಚಣಿ ಎಲ್ಲ ಗಂಟು ಬಿದ್ದಿರುತ್ತದೆ. ಏರ್‌ಟೆಲ್, ಜಿಯೋ ಎರಡೂ ಇ-ಸಿಮ್ ಕೊಡುತ್ತವೆ. ಕೊಡಿಸುವ ಕೆಲಸ ಮಾತ್ರ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ಮಗನಿಂದ, ರಾತ್ರಿ ಹನ್ನೊಂದಕ್ಕೆ, ಫೋನಿನಲ್ಲೇ ನಡೆಯಬೇಕು. ‘ಅಮ್ಮ, ಈಗ ಬಂದ ಮೆಸೇಜು ಓದು’ ಎಂದರೆ, ‘ಅದೆಲ್ಲ ಇರಲಿ ಕಣೋ, ಸಿಮ್ಮು ಕಣ್ಣಿಗೇ ಕಾಣಲ್ಲ ಅಂದ್ರೆ ಫೋನು ಬರೋದು ಯಾವುದಕ್ಕೆ?’ ಎಂಬ ಪ್ರಶ್ನೆ ಬರುತ್ತದೆ. ಕಿಂಡಿ ಇರುವ ಐಫೋನ್ 13ನ್ನು ಇಂಥ ಮನೆಗಳಲ್ಲಿ ಎಕ್ಸ್‌ಚೇಂಜಿಗೆ ಕೊಡದೆ ಕಾಪಾಡಿಕೊಂಡು ಬರುವುದು ಈ ಕಾರಣಕ್ಕೆ.

ಊರಿನ ಬೇಡಿಕೆಗಳು ಬೇರೆ. 16 ಪ್ರೊ ಮ್ಯಾಕ್ಸ್ ಭಾರತದಲ್ಲಿ 1,44,900 ರೂಪಾಯಿಗೆ ಬಂದಿತ್ತು; ಅಮೆರಿಕದಲ್ಲಿ ತೆರಿಗೆ ಸೇರಿದರೂ 1,12,000ದ ಆಸುಪಾಸು ಇತ್ತು. ಟಿಕೆಟ್ ಬುಕ್ ಆದ ಸುದ್ದಿ ಹೊರಬಿದ್ದ ದಿನವೇ ಭಾವಮೈದುನನ ಮೆಸೇಜು ಬರುತ್ತದೆ. ಅವನು ಕೇಳುವ ಫೋನಿನ ಭೂಗೋಳ ಸ್ವಾರಸ್ಯದ್ದು. ಕೋಲಾರದ ಬಳಿಯ ನರಸಾಪುರದಲ್ಲಿ ವಿಸ್ಟ್ರಾನ್ ನಡೆಸುತ್ತಿದ್ದ ಐಫೋನ್ ಕಾರ್ಖಾನೆ 2023ರಲ್ಲಿ ಟಾಟಾ ಕೈಗೆ ಬಂತು; ದೇವನಹಳ್ಳಿಯ ಕಡೆ ಫಾಕ್ಸ್‌ಕಾನ್ ಇದೆ. ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಹೆಚ್ಚಿನವು ಜೂನ್ ತ್ರೈಮಾಸಿಕದಲ್ಲಿ ಭಾರತದಿಂದಲೇ ಬರುತ್ತವೆ ಎಂದು ಆ್ಯಪಲ್‌ನ ಟಿಮ್ ಕುಕ್ 2025ರ ಮೇ ತಿಂಗಳಲ್ಲಿ ಹೇಳಿದರು. ಹಾಗಾದರೆ ಕೋಲಾರ ಜಿಲ್ಲೆಯಲ್ಲಿ ಜೋಡಣೆಯಾದ ಫೋನು ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಅಲ್ಲಿನ ತೆರಿಗೆ ಕಟ್ಟಿಸಿಕೊಂಡು, ಬಾದಾಮಿ ಪೊಟ್ಟಣಗಳ ನಡುವೆ ಸೂಟ್‌ಕೇಸಿನಲ್ಲಿ ಕೂತು, ಕೋಲಾರದ ಭಾವಮೈದುನನಿಗೆಂದು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯುವುದು ಅಸಾಧ್ಯವೇನಲ್ಲ. ಆತ ಡಬ್ಬಿ ಬಿಚ್ಚಿ ಮೊದಲು ಕೇಳುವುದು: ‘ಭಾವ, ಸಿಮ್ ಎಲ್ಲಿ ಹಾಕೋದು?’

ಕೊಳ್ಳುವುದು ಸರಿಯೋ ತಪ್ಪೋ ಎಂದರೆ, ಕೂಟದ ಎಲ್ಲ ಕಾರ್ಯಕ್ರಮಗಳ ವಿಡಿಯೋ ತೆಗೆಯುವ, ಕನಿಷ್ಠ ಐದು ವರ್ಷ ಬಾಳಿಸುವ, ನಗದು ಕೊಟ್ಟು ಲಾಕಿಲ್ಲದ ಫೋನು ತರುವವರಿಗೆ ಸರಿ. ವಾಟ್ಸ್ಆ್ಯಪು, ಯೂಟ್ಯೂಬು, ಮ್ಯಾಪುಗಳಲ್ಲೇ ದಿನ ಕಳೆಯುವ ಉಳಿದವರಿಗೆ 2024ರಲ್ಲಿ 799 ಡಾಲರಿಗೆ ಬಂದ ಸಾಧಾರಣ ಐಫೋನ್ 16 ಧಾರಾಳವಾಗಿ ಸಾಕು. ಅದರಲ್ಲಿ ಟೆಲಿ ಲೆನ್ಸು ಇಲ್ಲ, ನಿಜ. ಇರುವ ಫೋನು ಮಧ್ಯಾಹ್ನಕ್ಕೇ ಸುಸ್ತಾಗುತ್ತಿದ್ದರೆ ತಪ್ಪು ಹೆಚ್ಚಾಗಿ ಬ್ಯಾಟರಿಯದು. ಐಫೋನ್ 14ರವರೆಗಿನ ಬ್ಯಾಟರಿಗಳನ್ನು 500 ಪೂರ್ಣ ಚಾರ್ಜಿನ ನಂತರ ಶೇ. 80 ಸಾಮರ್ಥ್ಯ ಉಳಿಯುವಂತೆ ಮಾಡಲಾಗಿದೆ. 15ರಿಂದ ಈ ಮಿತಿ ಸಾವಿರ. ಐಫೋನ್ 13ಕ್ಕೆ ಹೊಸ ಬ್ಯಾಟರಿಯನ್ನು ಆ್ಯಪಲ್ 89 ಡಾಲರಿಗೆ ಹಾಕಿಕೊಡುತ್ತದೆ. ಇದು ತಿಳಿದ ಮೇಲೂ ಹೊಸದೇ ಬೇಕೆನ್ನುವವರು ಥ್ಯಾಂಕ್ಸ್‌ಗಿವಿಂಗ್ ಮಾರನೆಯ ದಿನದ ಬ್ಲ್ಯಾಕ್ ಫ್ರೈಡೇವರೆಗೆ ಕಾಯುವುದು ಲೇಸು. ಅಷ್ಟರಲ್ಲಿ ರಾಜ್ಯೋತ್ಸವದ ಕಾರ್ಯಕ್ರಮವೂ ಮುಗಿದಿರುತ್ತದೆ, ಝೂಮಿನ ಅಗತ್ಯ ಯುಗಾದಿಗೆ ಮುಂದೆ ಹೋಗಿರುತ್ತದೆ.