ಬುಷ್ ಸಂರಕ್ಷಣಾರ್ಥಂ

ಹಳೇ ಯೆಜ್ಡಿ ಮೋಟಾರ್‌ಸೈಕಲ್ಲಿನಲ್ಲಿ ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಇರುವುದು ಒಂದೇ ಲಿವರ್. ಇಷ್ಟು ಜಿಪುಣತನದ ಗಾಡಿ ಯಜಮಾನರ ಕೈಯಲ್ಲಿ ಎಷ್ಟು ಖರ್ಚು ಮಾಡಿಸಬಲ್ಲದು ಎಂಬುದು ಅದನ್ನು ಇಟ್ಟುಕೊಂಡವರ ಮನೆಯವರಿಗೇ ಗೊತ್ತು. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿಗಳು ಮಾತ್ರ ಇನ್ನೂ ನೀಲಿ ಹೊಗೆ ಬಿಡುತ್ತಾ ಭಾನುವಾರ ಬೆಳಿಗ್ಗೆ ಬೀದಿಯನ್ನೆಲ್ಲ ಎಬ್ಬಿಸುತ್ತಿವೆ.

ಅಂಥದೊಂದು ಗಾಡಿಯ ಬೆಂಗಳೂರಿನ ಯಜಮಾನರನ್ನು ಊಹಿಸಿಕೊಳ್ಳಿ. ಕನೆಕ್ಟಿಂಗ್ ರಾಡಿನ ಮೇಲ್ತುದಿಯ ಬುಷ್ ಸವೆದು ಎಂಜಿನ್ ಟಕಟಕ ಎನ್ನುತ್ತಿದೆ. ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ, “ಒರಿಜಿನಲ್ ಈಗೆಲ್ಲಿ ಸಾರ್?” ಡೂಪ್ಲಿಕೇಟ್ ತಂದರೆ ಒಂದು ಸಡಿಲ, ಇನ್ನೊಂದು ಬಿಗಿ. ಉಂಗುರದಷ್ಟು ದಪ್ಪದ ಕಂಚಿನ ಕೊಳವೆ ತಾನೇ, ನಾನೇ ಮಾಡ್ಕೋತೀನಿ ಎಂದು ಅವರು ಹೇಳಿದ್ದೇ ತಡ, ಕೌಪೀನ ಕಾಯಲು ಬೆಕ್ಕು, ಬೆಕ್ಕಿನ ಹಾಲಿಗೆ ಹಸು ಸಾಕಿದ ಸನ್ಯಾಸಿಯ ಕತೆ ಗ್ಯಾರೇಜಿನಲ್ಲಿ ಶುರುವಾಯಿತು.

ಮೊದಲು ಬಂದದ್ದು ಲೇತ್. ಈ ನಾಡಿನಲ್ಲಿ ಹಳೇ ಲೇತಿಗೇನೂ ಬರವಿಲ್ಲ. ಹರಿಹರದಲ್ಲಿ 1941ರಲ್ಲೇ ಮೈಸೂರು ಕಿರ್ಲೋಸ್ಕರ್ ಹುಟ್ಟಿತ್ತು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ 1953ರಲ್ಲಿ ಎಚ್‌ಎಂಟಿ ಬಂತು. ಜನ ಅದನ್ನು ನೆನೆಯುವುದು ಕೈಗಡಿಯಾರಕ್ಕಾದರೂ ಅದರ ಹೆಸರಿನಲ್ಲಿದ್ದದ್ದು ಮಷೀನ್ ಟೂಲ್. ಲೇತ್ ಬಂದ ದಿನ ಕಾರು ಬೀದಿಗೆ ಹೋಯಿತು. ಲೇತಿಗೆ ಬೇಕಾದದ್ದು ತ್ರೀ ಫೇಸ್ ಕರೆಂಟು, ಮನೆಯಲ್ಲಿದ್ದದ್ದು ಸಿಂಗಲ್ ಫೇಸ್. ನಡುವೆ ಸಂಧಾನಕ್ಕೆ ವಿಎಫ್‌ಡಿ ಎಂಬ ಪೆಟ್ಟಿಗೆ ಬಂತು. ಆಮೇಲೆ ಮೈಕ್ರೋಮೀಟರ್, ಆಮೇಲೆ ತೂತನ್ನು ಅಳತೆಗೆ ಬಿಡಿಸುವ ರೀಮರ್.

“ರೀ, ಆ ಬುಷ್ಷಿಗೆ ಅಂಗಡೀಲಿ ಎಷ್ಟಾಗ್ತಿತ್ತು?” ಎಂದು ಮನೆಯವರು ಕೇಳುವ ಹೊತ್ತಿಗೆ ಸರಿಯಾಗಿ ಯಜಮಾನರು ಮೋಟಾರ್ ಆನ್ ಮಾಡುತ್ತಾರೆ.

ಬುಷ್ ತಿರುವುವುದೇನೋ ಸುಲಭವೇ. ಆದರೆ ಲೇತಿನ ಲೆಕ್ಕ ಮನೆಯ ಲೆಕ್ಕದಂತಲ್ಲ. ಟೂಲನ್ನು 0.1 ಮಿ.ಮೀ. ಒಳಕ್ಕೆ ದೂಡಿದರೆ ವ್ಯಾಸದಲ್ಲಿ 0.2 ಮಿ.ಮೀ. ಹೋಗಿರುತ್ತದೆ, ಸುತ್ತಲೂ ಕೊರೆಯುತ್ತದಲ್ಲ! ಇದನ್ನು ಮರೆತದ್ದರಿಂದಲೇ ಪ್ರತಿ ಗ್ಯಾರೇಜಿನಲ್ಲೂ ಒಂದು ಡಬ್ಬಿ ತುಂಬ ‘ಸ್ವಲ್ಪವೇ ಚಿಕ್ಕದಾದ’ ಬುಷ್ಷುಗಳಿರುತ್ತವೆ. ಇನ್ನು ಬಿಸಿಯ ಮೋಸ. ರಾಡಿನ ಕಣ್ಣಿನಲ್ಲಿ ಬುಷ್ ಕಚ್ಚಿ ಕೂರಬೇಕಾದರೆ ಕಣ್ಣಿಗಿಂತ 0.03 ಮಿ.ಮೀ.ನಷ್ಟು ದೊಡ್ಡದಿರಬೇಕು ಎನ್ನಿ. 20 ಮಿ.ಮೀ. ವ್ಯಾಸದ ಕಂಚು, ಲೇತಿನಲ್ಲಿ ಐವತ್ತು ಡಿಗ್ರಿ ಹೆಚ್ಚು ಬಿಸಿಯಾಗಿದ್ದಾಗ ಅಳೆದರೆ ಸುಮಾರು 0.018 ಮಿ.ಮೀ. ಊದಿಕೊಂಡಿರುತ್ತದೆ. ಮೈಕ್ರೋಮೀಟರ್ ಭೇಷ್ ಎನ್ನುತ್ತದೆ. ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಆ ಬಿಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆರಿಹೋಗಿರುತ್ತದೆ. ಕಾಫಿ ಕುಡಿದ ಮೇಲೆ ಅಳೆಯುವವನೇ ಟರ್ನರ್. ಎಲ್ಲ ಸರಿಯಾಗಿ ಒತ್ತಿ ಕೂರಿಸಿದರೂ ಬುಷ್ಷಿನ ಒಳರಂಧ್ರ ಕುಗ್ಗುತ್ತದೆ. ರೀಮರ್ ಹಾಕಿ ಮತ್ತೆ ಬಿಡಿಸಬೇಕು. ಕೊನೆಗೆ ಎಣ್ಣೆ ಇಳಿಯುವ ತೂತು. ಅದನ್ನು ಮರೆತರೆ ಇಷ್ಟೂ ಕೆಲಸ ಮೊದಲಿನಿಂದ.

ಥ್ರೆಡ್ ಕೊರೆಯುವ ಹುಕಿ ಬಂದರೆ ಇನ್ನೊಂದು ಪೇಚು. ಯೆಜ್ಡಿಯ ಮೂಲ ಚೆಕ್ ದೇಶ, ಅಲ್ಲಿನದೆಲ್ಲ ಮಿಲಿಮೀಟರ್. ಹಳೇ ಲೇತಿನಲ್ಲಿ ಟೂಲನ್ನು ಸಾಗಿಸುವ ಲೀಡ್ ಸ್ಕ್ರೂ ಎಷ್ಟೋ ಕಡೆ ಇಂಚಿನದು. ಒಂದು ಇಂಚಿಗೆ 25.4 ಮಿ.ಮೀ.; ಇವೆರಡನ್ನೂ ತಪ್ಪಿಲ್ಲದೆ ಹೊಂದಿಸಬೇಕಾದರೆ 127 ಹಲ್ಲಿನ ಗೇರೇ ಬೇಕು. 127 ಅವಿಭಾಜ್ಯ ಸಂಖ್ಯೆ, ಅದಕ್ಕಿಂತ ಚಿಕ್ಕದರಲ್ಲಿ ಒಪ್ಪಂದವಾಗುವುದಿಲ್ಲ. ಗೇರ್ ಹಾಕಿದ ಮೇಲೂ ಆ ಸ್ಕ್ರೂವನ್ನು ಕಚ್ಚಿಕೊಂಡಿರುವ ಹಾಫ್ ನಟ್ ಬಿಡಿಸುವಂತಿಲ್ಲ. ಪ್ರತಿ ಸಲವೂ ಮೋಟಾರನ್ನು ಉಲ್ಟಾ ತಿರುಗಿಸಿಕೊಂಡೇ ಹಿಂದಕ್ಕೆ ಬರಬೇಕು.

ಪಂಚೆ ಉಟ್ಟು, ಟವೆಲ್ ಹೊದ್ದು ಈ ಯಂತ್ರದ ಹತ್ತಿರ ಸುಳಿಯಬಾರದು. ಗ್ಲೌಸನ್ನೂ ಹಾಕಬಾರದು, ತಿರುಗುವ ಚಕ್ ಬಟ್ಟೆಯ ತುದಿ ಸಿಕ್ಕರೆ ಕೈಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಭಾನುವಾರವೂ ಯಜಮಾನರು ಮನೆಯಲ್ಲಿ ಪ್ಯಾಂಟು, ಬೂಟು, ಕನ್ನಡಕ ಧರಿಸಿ ಆಫೀಸಿಗೆ ಹೊರಟವರಂತೆ ಕಾಣುತ್ತಾರೆ.

ಸುದ್ದಿ ಬೀದಿಗೆ ಹಬ್ಬುವುದು ತಡವಾಗುವುದಿಲ್ಲ. ಎದುರು ಮನೆಯವರ ಮಿಕ್ಸಿ ಜಾರಿನ ತಳದಲ್ಲಿ ಚಟ್ನಿ ನೀರು ಸೋರುತ್ತಿದೆ. ಹಿತ್ತಾಳೆ ಬುಷ್ ಆಯಿತು. ಮೇಲ್ಮನೆಯವರ ಗೇಟಿನ ಪಿನ್ನು ಆಯಿತು. ಒಂದು ದಿನ ಹಿಂದಿನ ಬೀದಿಯ ಅಜ್ಜಿ ಕುಕ್ಕರ್ ಹಿಡಿದು ಬಂದರು: “ವೆಯ್ಟ್ ಎಲ್ಲೋ ಕಳ್ದೋಯ್ತು ಕಣಪ್ಪ. ಒಂದು ತಿರುಗಿಸಿ ಕೊಡು. ಸ್ವಲ್ಪ ಭಾರವಾಗೇ ಮಾಡು, ಬೇಳೆ ಬೇಗ ಬೇಯ್ಲಿ.” ಯಜಮಾನರಿಗೆ ಬೆವರಿಳಿಯಿತು. ಆವಿಯ ಒತ್ತಡವನ್ನು ನಿರ್ಧರಿಸುವುದೇ ಆ ವೆಯ್ಟಿನ ತೂಕ ಮತ್ತು ಕೆಳಗಿನ ತೂತಿನ ಅಗಲ. ಭಾರ ಹೆಚ್ಚಿದಷ್ಟೂ ಕುಕ್ಕರಿನೊಳಗಿನ ಕೋಪವೂ ಹೆಚ್ಚು. ಕೈಮುಗಿದು, ಕಂಪನಿಯದನ್ನೇ ಕೊಂಡು ತಂದು ಕೊಟ್ಟರು, ತಮ್ಮ ದುಡ್ಡಿನಲ್ಲಿ.

ಇಷ್ಟೆಲ್ಲ ತಿರುವಿದ ಲೇತೂ ಸವೆಯದೆ ಇರುತ್ತದೆಯೇ? ಟೂಲನ್ನು ಒಳಕ್ಕೆ ದೂಡುವ ಕ್ರಾಸ್ ಸ್ಲೈಡಿನ ಗನ್ ಮೆಟಲ್ ನಟ್ ಸಡಿಲಾಗಿ, ಹಿಡಿಕೆ ಅರ್ಧ ಸುತ್ತು ಸುಮ್ಮನೆ ತಿರುಗತೊಡಗಿತು. ಹೊಸ ನಟ್ ಮಾಡಲು ಒಳಗೆ ಎಡಥ್ರೆಡ್ ಕೊರೆಯಬೇಕು. ಕೊರೆಯಬೇಕಾದ ಲೇತೇ ರೋಗಿ. ಯಜಮಾನರು ಹಳೇ ನಟ್ಟನ್ನು ಪೇಪರಿನಲ್ಲಿ ಸುತ್ತಿಕೊಂಡು ಪೀಣ್ಯಕ್ಕೆ ಹೋದರು. ಅಲ್ಲಿನ ಟರ್ನರ್ ಅದನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿ, “ಸಂಜೆ ಬನ್ನಿ” ಎಂದ. ಸಂಜೆ ಹೊಸ ನಟ್ ಕೈಗಿಡುತ್ತಾ ಕೇಳಿದ:

“ಒಳ್ಳೆ ಮಿಷನ್ ಸಾರ್ ಇದು. ಸುಮ್ನೆ ಮನೇಲಿ ಬಿದ್ದಿದ್ರೆ, ಕೊಡ್ತೀರಾ?”