ಸಮಸ್ಯೆ ದೊಡ್ಡದಾಗಿಯೇ ಇರಲಿ

ಸಣ್ಣ ಸಮಸ್ಯೆಯಷ್ಟು ಮನೆಮುರುಕ ಇನ್ನೊಂದಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನವನು ಹೇಳಿದ್ದೇ ರೇಟು ಎಂಬಂತಾದಾಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದು ರುಜುವಾತಾಯಿತು. ನಲ್ಲಿಗಳಿಗೆ ನೀರು ಉಳಿಸುವ ಏರಿಯೇಟರ್ ಹಾಕಿಸಿ ಎಂದು ಜಲಮಂಡಳಿ ಹೇಳಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದೂ ಸಾರಿತ್ತು. ಸಂಘದ ಸಭೆಯಲ್ಲಿ ಕಾರ್ಯದರ್ಶಿಗಳು, "ಭಾನುವಾರ ಪ್ಲಂಬರ್ ಬರ್ತಾನೆ, ಎಲ್ಲರೂ ಬಾಗಿಲು ತೆಗೀರಿ" ಎಂದುಬಿಟ್ಟರು. ಎಂಥ ಅನಾಹುತ! ಬಾಡಿಗೆದಾರರು ಮಾಲೀಕರ ಮುಖ ನೋಡಿದರು, ಮಾಲೀಕರು ಚಾವಣಿ ನೋಡಿದರು. ಯಾರ ಮನೆಯ ಫ್ಲಶ್ ಸೋರುತ್ತಿದೆ ಎಂಬ ಅಸಭ್ಯ ಪ್ರಶ್ನೆಯೂ ಎದ್ದಿತು.

ಮಾನ ಉಳಿಸಿದವರು ಹಿರಿಯ ಸದಸ್ಯರೊಬ್ಬರು. "ಇದು ನಲ್ಲಿ ವಿಷಯ ಅಲ್ಲ ಸ್ವಾಮಿ, ಎಲ್ ನಿನೊ" ಎಂದರು. ಅಲ್ಲಿಂದ ಹವಾಮಾನ ಬದಲಾವಣೆಗೆ, ಧ್ರುವದ ಮಂಜಿಗೆ, ಜನಸಂಖ್ಯೆಗೆ, ಕೊನೆಗೆ ಮನುಷ್ಯನ ದುರಾಸೆಗೆ ಏರಿದರು. ಅರ್ಧ ಗಂಟೆಯಲ್ಲಿ ಸಭೆ ಒಂದಾಯಿತು. ಕಚ್ಚಾಡುತ್ತಿದ್ದವರು ಒಟ್ಟಿಗೆ ತಲೆದೂಗಿದರು, ಕಾಫಿ ಕುಡಿದರು, ತೀವ್ರ ಕಳವಳದ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿದರು. ಭಾನುವಾರದ ಮಾತು ಮತ್ತೆ ಯಾರೂ ಎತ್ತಲಿಲ್ಲ. ಭೂಮಂಡಲವೇ ಅಪಾಯದಲ್ಲಿರುವಾಗ ಪ್ಲಂಬರನನ್ನು ನೆನೆಯುವುದು ಸಣ್ಣತನವಾದೀತು.

ಸಮಸ್ಯೆಯನ್ನು ವಿಪರೀತ ಹಿಗ್ಗಿಸಿ ಹೇಳಿದರೆ ಜನ ಕೈಚೆಲ್ಲುತ್ತಾರೆ, ಅದನ್ನು ಕುಗ್ಗಿಸಿ ಚಿಕ್ಕಪುಟ್ಟ ಗೆಲುವುಗಳನ್ನು ಕೂಡಿಸುತ್ತ ಹೋಗಬೇಕು ಎಂದು ಅಮೆರಿಕದ ಕಾರ್ಲ್ ವೀಕ್ 1984ರಲ್ಲೇ ಬರೆದಿದ್ದರು. ಪಾಪ, ಮನಶ್ಶಾಸ್ತ್ರ ಬಲ್ಲವರು. ಆದರೂ ಕೈಚೆಲ್ಲುವ ಸುಖ ಅವರಿಗೆ ತಿಳಿಯಲಿಲ್ಲ.

ನಮ್ಮ ಹಳೆಯ ಕೆರೆಗಳ ನೀರುಗಂಟಿಗೂ ಇದೇ ಅಜ್ಞಾನ. ಮಳೆ ಕೈಕೊಟ್ಟ ವರ್ಷ ಋತುಚಕ್ರದ ಬಗ್ಗೆ ಉಪನ್ಯಾಸ ಕೊಡಬೇಡವೇ? ಅವನು ಈ ರಾತ್ರಿ ತೂಬಿನ ನೀರು ಯಾರ ಗದ್ದೆಗೆ, ಎಷ್ಟು ಹೊತ್ತು ಎಂದಷ್ಟೇ ಹೇಳುತ್ತಿದ್ದ. ಕಾಲುವೆಯ ಹೂಳೆತ್ತಲು ಮನೆಗೊಂದಾಳು ಎಂದು ಕರೆದರೆ ಜನ ಗುದ್ದಲಿ ಹಿಡಿದು ಬಂದೂಬಿಡುತ್ತಿದ್ದರು. ವಿಶಾಲದೃಷ್ಟಿ ಇಲ್ಲದವರ ಹಣೆಬರಹ, ದುಡಿಯಲೇಬೇಕು.

ನಮಗೆ ಆ ಕಷ್ಟವಿಲ್ಲ. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ, ಹೆಚ್ಚುಕಡಿಮೆ ಅರ್ಧ ಕಿ.ಮೀ. ಎತ್ತರಕ್ಕೆ ಪಂಪಾಗಿ ಬಂದ ಕಾವೇರಿಯನ್ನು ಬೆಳಗಿನ ಜಾವ, ದಂಡ ಹಾಕುವವರು ಏಳುವ ಮುನ್ನ, ಕಾರಿನ ಮೇಲೆ ಸುರಿಯುವಾಗಲೂ ನಾವು ಧ್ರುವದ ಚಿಂತೆ ಬಿಟ್ಟಿಲ್ಲ.

ಆದ್ದರಿಂದ ಓದುಗರಲ್ಲಿ ವಿನಂತಿ: ನಿಮ್ಮ ಸಂಘದಲ್ಲಿ ಯಾರಾದರೂ ವಾಷರ್, ಭಾನುವಾರ ಎಂದು ಬಾಯಿಬಿಟ್ಟರೆ ತಡಮಾಡದೆ ಭೂಮಿಯ ಭವಿಷ್ಯ ಎತ್ತಿ. ಅದಕ್ಕೂ ಜಗ್ಗದೆ ಏರಿಯೇಟರೇ ಬೇಕೆಂದು ಹಟ ಹಿಡಿದರೆ ನಮ್ಮಲ್ಲಿಗೆ ಕಳಿಸಿ. ಸಂಘ ತರಿಸಿದ ಪೆಟ್ಟಿಗೆ ಸೀಲು ಒಡೆಯದೆ ಹಾಗೆಯೇ ಇದೆ.